ಬಾವಿಗೆ ಹಾರಬೇಕೇ ಎಂದು ಕೇಳಿದ ಶಿಷ್ಯ

ಅಪ್ಪ, ಮಗ ಇಬ್ಬರೂ ಕನ್‌ಫ್ಯೂಷಿಯಸ್‌ನ ಶಿಷ್ಯರು. ಒಂದು ದಿನ ಮಗ ಝೆಂಗ್ ತ್ಸಾನ್ ಕರಬೂಜದ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ ಕೈತಪ್ಪಿ ಬಳ್ಳಿಯ ಬೇರನ್ನೇ ಕಡಿದುಬಿಟ್ಟ. ಅಪ್ಪ ಝೆಂಗ್ ಶಿಗೆ ಸಿಟ್ಟು ನೆತ್ತಿಗೇರಿತು. ದಪ್ಪ ದೊಣ್ಣೆ ಎತ್ತಿಕೊಂಡು ಮಗನ ಬೆನ್ನಿಗೆ ಬಾರಿಸಿದ. ಮಗ ತಪ್ಪಿಸಿಕೊಳ್ಳಲಿಲ್ಲ. ನೆಲಕ್ಕೆ ಬಿದ್ದ, ಬಹಳ ಹೊತ್ತು ಎಚ್ಚರವಿರಲಿಲ್ಲ. ಎಚ್ಚರ ಬಂದ ಮೇಲೆ ಮುಖ ಅರಳಿಸಿಕೊಂಡು ಎದ್ದು, ನನಗೆ ಬುದ್ಧಿ ಕಲಿಸಲು ಹೋಗಿ ನಿಮಗೇನೂ ನೋವಾಗಲಿಲ್ಲ ತಾನೇ ಎಂದು ಅಪ್ಪನನ್ನೇ ವಿಚಾರಿಸಿದ. ಆಮೇಲೆ ಕೋಣೆಗೆ ಹೋಗಿ ತಂತಿವಾದ್ಯ ನುಡಿಸುತ್ತ ಹಾಡಿದ. ತನಗೇನೂ ಆಗಿಲ್ಲ ಎಂಬುದು ಅಪ್ಪನ ಕಿವಿಗೆ ಬೀಳಲಿ ಎಂದು.

ಸುದ್ದಿ ಗುರುವಿಗೆ ಮುಟ್ಟಿತು. ಇಂಥ ಮಗನನ್ನು ಗುರು ಕರೆದು ಬೆನ್ನು ತಟ್ಟಿದ ಎಂದು ಕಥೆ ಮುಗಿಯಬೇಕಿತ್ತು. ಹಾಗೆ ಮುಗಿಯುವುದಿಲ್ಲ. ತ್ಸಾನ್ ಬಂದರೆ ಒಳಗೆ ಬಿಡಬೇಡಿ ಎಂದು ಕನ್‌ಫ್ಯೂಷಿಯಸ್ ಉಳಿದ ಶಿಷ್ಯರಿಗೆ ಹೇಳಿಟ್ಟ. ತನ್ನ ತಪ್ಪೇನೆಂದು ಮಗನಿಗೆ ಹೊಳೆಯಲಿಲ್ಲ, ಯಾರನ್ನೋ ಕಳಿಸಿ ಕೇಳಿಸಿದ. ಗುರು ಹಳೆಯ ಕಾಲದ ದೊರೆ ಶುನ್‌ನ ನೆನಪು ತೆಗೆದ. ಶುನ್‌ನ ಅಪ್ಪ ಮಹಾ ಕ್ರೂರಿ. ಅಪ್ಪನಿಗೆ ಕೈಯಾಳು ಬೇಕಾದಾಗ ಶುನ್ ಪಕ್ಕದಲ್ಲೇ ಇರುತ್ತಿದ್ದ, ಅಪ್ಪ ಕೊಲ್ಲಲು ಹುಡುಕಿದಾಗ ಎಲ್ಲೂ ಸಿಗುತ್ತಿರಲಿಲ್ಲ. ಸಣ್ಣ ಕೋಲಾದರೆ ನಿಂತು ತಿನ್ನುತ್ತಿದ್ದ, ದೊಡ್ಡ ದೊಣ್ಣೆ ಕಂಡರೆ ಓಡಿಹೋಗುತ್ತಿದ್ದ. ಹಾಗಾಗಿ ಅವನ ಅಪ್ಪ ಮಗನನ್ನು ಕೊಂದ ಪಾಪಿ ಆಗದೆ ಉಳಿದುಕೊಂಡ. ನೀನು ಮೈಯೊಡ್ಡಿ ನಿಂತು ಸತ್ತಿದ್ದರೆ ಅಪ್ಪನ ತಲೆಗೆ ಕೊಲೆಯನ್ನು ಕಟ್ಟಿದಂತಾಗುತ್ತಿತ್ತು, ಇದಕ್ಕಿಂತ ದೊಡ್ಡ ಪಿತೃದ್ರೋಹ ಯಾವುದು ಎಂಬುದು ಗುರುವಿನ ಪ್ರಶ್ನೆ.

ಈ ಪ್ರಸಂಗ ಕನ್‌ಫ್ಯೂಷಿಯಸ್ ತೀರಿಕೊಂಡು ಶತಮಾನಗಳಾದ ಮೇಲೆ ಒಟ್ಟುಗೂಡಿದ ಕಥಾಸಂಗ್ರಹಗಳಲ್ಲಿ ಬರುತ್ತದೆ. ನಡೆದದ್ದೋ ಕಟ್ಟಿದ್ದೋ, ಚೀನಾದ ಪಂಡಿತ ಪರಂಪರೆ ಇದನ್ನು ಎರಡು ಸಾವಿರ ವರ್ಷ ಜತನವಾಗಿ ಕಾಪಾಡಿಕೊಂಡಿತು ಎಂಬುದೇ ನನಗೆ ಮುಖ್ಯ. ಏಕೆಂದರೆ ಕನ್‌ಫ್ಯೂಷಿಯಸ್ ಎಂದರೆ ತಲೆಬಾಗುವುದನ್ನು, ಮನೆಗಾಗಿ ರಾಜ್ಯಕ್ಕಾಗಿ ತನ್ನನ್ನು ತೇದುಕೊಳ್ಳುವುದನ್ನು ಕಲಿಸಿದವನು ಎಂಬ ಮಾತು ನಮ್ಮಲ್ಲೂ ಹೊರಗೂ ಗಟ್ಟಿಯಾಗಿ ಬೇರುಬಿಟ್ಟಿದೆ. ಅವನ ಹೆಸರಿನಲ್ಲಿ ಹಾಗೆ ಕಲಿಸಿದವರು ಬಹಳ ಮಂದಿ ಇದ್ದರು, ಸುಳ್ಳಲ್ಲ. ಆದರೆ ಮೂಲದಲ್ಲಿರುವ ತ್ಯಾಗದ ವಿಚಾರ ಬೇರೆ ಬಗೆಯದು, ಹೆಚ್ಚು ಕಟ್ಟುನಿಟ್ಟಿನದು.

ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಇಂದಿನ ಶಾಂಡೊಂಗ್ ಪ್ರಾಂತ್ಯದ ಲೂ ಎಂಬ ಸಣ್ಣ ರಾಜ್ಯದವನು. ಅವನ ಮತ್ತು ಶಿಷ್ಯರ ಮಾತುಕತೆಗಳ ಸಂಗ್ರಹ ‘ಲುನ್‌ಯು’, ಅದರಲ್ಲಿ ಇಪ್ಪತ್ತು ಅಧ್ಯಾಯ. ತ್ಯಾಗದ ಬಗ್ಗೆ ಚೀನಾದಲ್ಲಿ ಇಂದಿಗೂ ಎಲ್ಲರ ಬಾಯಲ್ಲಿರುವ ಮಾತು ಹದಿನೈದನೆಯ ಅಧ್ಯಾಯದ್ದು. ‘ರೆನ್’ ಎಂಬುದು ಅವನ ಬೋಧನೆಯ ತಿರುಳು. ಸುತ್ತಲಿನವರನ್ನು ಮನುಷ್ಯರೆಂದು ಬಗೆದು ಅದಕ್ಕೆ ತಕ್ಕಂತೆ ಬಾಳುವ ಗುಣ ಎಂದು ಅದನ್ನು ಸದ್ಯಕ್ಕೆ ಅರ್ಥಮಾಡಿಕೊಳ್ಳೋಣ. ಆ ಗುಣ ಮೈಗೂಡಿದವನು ಜೀವ ಉಳಿಸಿಕೊಳ್ಳುವ ಸಲುವಾಗಿ ಅದಕ್ಕೆ ಕುಂದು ತರಲಾರ, ಬೇಕಾಗಿ ಬಂದರೆ ಅದನ್ನು ಪೂರ್ಣಗೊಳಿಸಲು ಜೀವವನ್ನೇ ಬಿಟ್ಟಾನು ಎಂಬುದು ಆ ಮಾತಿನ ಅಭಿಪ್ರಾಯ. ಸಾವು ಇಲ್ಲಿ ಗುರಿಯಲ್ಲ. ಗುರಿ ರೆನ್. ಅದು ಮತ್ತು ಜೀವ ಎರಡೂ ಒಟ್ಟಿಗೆ ಉಳಿಯುವ ದಾರಿ ಇದ್ದರೆ ಜೀವ ಬಿಡುವ ಪ್ರಶ್ನೆಯೇ ಏಳುವುದಿಲ್ಲ.

ಶಿಷ್ಯರಿಗೆ ಇದು ಸಲೀಸಾಗಿ ಅರ್ಥವಾಗಲಿಲ್ಲ. ಝಾಯ್ ವೊ ಎಂಬ ಕೊಂಕು ಪ್ರಶ್ನೆಗಳ ಶಿಷ್ಯನಿದ್ದ. ಬಾವಿಯಲ್ಲಿ ಮನುಷ್ಯ ಬಿದ್ದಿದ್ದಾನೆ ಎಂದು ಯಾರಾದರೂ ಹೇಳಿದರೆ ರೆನ್ ಉಳ್ಳವನು ಹಿಂದೆಯೇ ಹಾರಿಬಿಡಬೇಕೇ ಎಂದು ಕೇಳಿದ. ಹಾಗೇಕೆ ಮಾಡಬೇಕು ಎಂದು ಗುರು ತಿರುಗಿ ಕೇಳಿದ. ಸಜ್ಜನನನ್ನು ಬಾವಿಯ ತನಕ ಓಡಿಸಬಹುದು, ಬಾವಿಗೆ ಬೀಳಿಸಲಾಗದು. ಅವನಿಗೆ ಸುಳ್ಳು ಹೇಳಿ ನಂಬಿಸಬಹುದು, ಬುದ್ಧಿ ಮಂಕಾಗಿಸಲಾಗದು. ಕರುಣೆ ಇದ್ದವನು ಓಡಿಬರುತ್ತಾನೆ, ಆದರೆ ಕಟ್ಟೆಯ ಮೇಲೆ ನಿಂತು ಬಗ್ಗಿ ನೋಡುತ್ತಾನೆ, ಹಗ್ಗ ಹುಡುಕುತ್ತಾನೆ. ಇನ್ನೊಬ್ಬ ಶಿಷ್ಯ ಝಿಲು ಧೈರ್ಯಕ್ಕೆ ಹೆಸರಾದವನು. ಸೈನ್ಯ ನಡೆಸುವುದಾದರೆ ಯಾರನ್ನು ಜೊತೆಗೆ ಕರೆದುಕೊಳ್ಳುತ್ತೀರಿ ಎಂದು ಆಸೆಯಿಂದ ಕೇಳಿದಾಗ, ಬರಿಗೈಯಲ್ಲಿ ಹುಲಿಯ ಮೇಲೆ ಬೀಳುವವನು, ದೋಣಿಯಿಲ್ಲದೆ ನದಿಗಿಳಿದು ಸತ್ತರೂ ಚಿಂತೆಯಿಲ್ಲ ಎನ್ನುವವನು ನನಗೆ ಬೇಡ ಎಂಬ ಉತ್ತರ ಬಂತು. ಕೆಲಸಕ್ಕೆ ಇಳಿಯುವಾಗ ಅಳುಕಿರಬೇಕು, ಯೋಚಿಸಿ ಅದನ್ನು ದಡ ಮುಟ್ಟಿಸುವವನಾಗಿರಬೇಕು.

ಇದೇ ಝಿಲು ಕೊನೆಗೆ ಕತ್ತಿಯ ಬಾಯಿಗೇ ಹೋದ. ಕ್ರಿ.ಪೂ. 480ರಲ್ಲಿ ವೇಯ್ ರಾಜ್ಯದಲ್ಲಿ ಗದ್ದುಗೆಗಾಗಿ ಗಲಭೆ ಎದ್ದಿತು. ಝಿಲುವಿನ ಒಡೆಯನನ್ನು ಬಂಡಾಯಗಾರರು ಹಿಡಿದಿಟ್ಟುಕೊಂಡರು. ಊರೊಳಗೆ ಹೋಗುತ್ತಿದ್ದ ಝಿಲುವಿಗೆ, ತಪ್ಪಿಸಿಕೊಂಡು ಹೊರಬರುತ್ತಿದ್ದ ಸಹಪಾಠಿ ಝಿಗಾವ್ ಎದುರಾದ. ಬಾಗಿಲು ಮುಚ್ಚಿದೆ, ಹೋಗಬೇಡ ಎಂದ. ಆ ಮನೆಯ ಅನ್ನ ತಿಂದವನು ಆ ಮನೆಯ ಕಷ್ಟಕ್ಕೆ ಬೆನ್ನು ಹಾಕಲಾರೆ ಎಂದು ಝಿಲು ಮುಂದೆ ಹೋದ. ಕಾದಾಟದಲ್ಲಿ ಎದುರಾಳಿಯ ಏಟಿಗೆ ಅವನ ಟೋಪಿಯ ದಾರ ಕಡಿಯಿತು. ಸಜ್ಜನ ಸಾಯುವಾಗಲೂ ಟೋಪಿ ಕಳಚಬಾರದೆಂದು ದಾರವನ್ನು ಗಂಟು ಹಾಕಿಕೊಳ್ಳುತ್ತಲೇ ಸತ್ತ. ಇತ್ತ ಲೂ ರಾಜ್ಯದಲ್ಲಿ ಗಲಭೆಯ ಸುದ್ದಿ ಕೇಳಿದ ಕೂಡಲೇ ಮುದಿ ಗುರು, ಝಿಗಾವ್ ವಾಪಸು ಬರುತ್ತಾನೆ, ಝಿಲು ಸಾಯುತ್ತಾನೆ ಎಂದು ಹೇಳಿದನಂತೆ. ಬಂದವನನ್ನು ಹೇಡಿ ಎನ್ನಲಿಲ್ಲ, ಸತ್ತವನನ್ನು ಹುಂಬ ಎನ್ನಲಿಲ್ಲ. ಝಿಲುವಿನ ಸಾವು ಅವನನ್ನು ಜರ್ಜರಿತಗೊಳಿಸಿತು, ಮರುವರ್ಷವೇ ಅವನೂ ತೀರಿಕೊಂಡ.

ಈಗ ‘ಲುನ್‌ಯು’ವಿನ ಹದಿನಾಲ್ಕನೆಯ ಅಧ್ಯಾಯದ ಒಂದು ವಾದಕ್ಕೆ ಬರೋಣ. ಕನ್‌ಫ್ಯೂಷಿಯಸ್‌ನ ನಿಲುವಿನ ಆಳ ಇಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಕ್ರಿ.ಪೂ. ಏಳನೆಯ ಶತಮಾನದ ಆರಂಭದಲ್ಲಿ ಚೀ ರಾಜ್ಯದ ಗದ್ದುಗೆಗಾಗಿ ಇಬ್ಬರು ಅಣ್ಣತಮ್ಮಂದಿರು ಹೊಡೆದಾಡಿದರು. ರಾಜಕುಮಾರ ಜಿಯು ಕಡೆಗೆ ಇಬ್ಬರು ನಿಷ್ಠರು: ಶಾವ್ ಹು ಮತ್ತು ಗುವಾನ್ ಝೊಂಗ್. ಎದುರಾಳಿಗೆ ಗುವಾನ್ ಝೊಂಗ್ ಬಾಣ ಬಿಟ್ಟಿದ್ದ, ಅದು ಸೊಂಟಪಟ್ಟಿಯ ಕೊಂಡಿಗೆ ತಾಗಿ ಅವನು ಬದುಕಿಕೊಂಡ ಎಂದು ಇತಿಹಾಸಕಾರರು ಬರೆದಿದ್ದಾರೆ. ಆ ಎದುರಾಳಿ ಗೆದ್ದು ದೊರೆ ಹುವಾನ್ ಆದ, ಸೋದರ ಜಿಯುವನ್ನು ಕೊಲ್ಲಿಸಿದ. ಶಾವ್ ಹು ಒಡೆಯನ ಜೊತೆಗೇ ಪ್ರಾಣ ಬಿಟ್ಟ. ಗುವಾನ್ ಝೊಂಗ್ ಬಿಡಲಿಲ್ಲ. ಬಿಡದಿದ್ದದ್ದು ಮಾತ್ರವಲ್ಲ, ತನ್ನ ಒಡೆಯನನ್ನು ಕೊಲ್ಲಿಸಿದ ಅದೇ ಹುವಾನನಿಗೆ ಮಂತ್ರಿಯಾದ.

ಝಿಲು ಮತ್ತು ಇನ್ನೊಬ್ಬ ಶಿಷ್ಯ ಝಿಗೊಂಗ್ ಇಬ್ಬರೂ ಬೇರೆ ಬೇರೆಯಾಗಿ ಗುರುವಿಗೆ ಇದೇ ಪ್ರಶ್ನೆ ಹಾಕಿದರು: ಇವನಲ್ಲಿ ರೆನ್ ಇತ್ತು ಎನ್ನಲು ಸಾಧ್ಯವೇ? ಪ್ರಶ್ನೆಯಲ್ಲೇ ಇಲ್ಲ ಎಂಬ ಉತ್ತರ ಅಡಗಿತ್ತು. ಕನ್‌ಫ್ಯೂಷಿಯಸ್ ಅದನ್ನು ಒಪ್ಪಲಿಲ್ಲ. ಗುವಾನ್ ಝೊಂಗ್‌ನ ಬಲದಿಂದ ಹುವಾನ್ ಯುದ್ಧರಥಗಳನ್ನು ಹೂಡದೆ ಸಾಮಂತರನ್ನೆಲ್ಲ ಒಂದುಗೂಡಿಸಿದ, ಜನ ಇಂದಿಗೂ ಅದರ ಫಲ ಉಣ್ಣುತ್ತಿದ್ದಾರೆ, ಅವನಿಲ್ಲದಿದ್ದರೆ ನಾವೆಲ್ಲ ಹೊರಗಿನ ದಾಳಿಕಾರರ ಉಡುಗೆ ತೊಟ್ಟುಕೊಂಡು ಅವರ ಕೈಕೆಳಗೆ ಇರುತ್ತಿದ್ದೆವು ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಸಣ್ಣ ನಿಷ್ಠೆಯೊಂದನ್ನು ಹಿಡಿದುಕೊಂಡು ಯಾವುದೋ ಹಳ್ಳದಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು ಯಾರಿಗೂ ಗೊತ್ತಾಗದಂತೆ ಸಾಯಬೇಕಿತ್ತೇನು ಅವನು ಎಂದು ಕೇಳಿದ. ಸೌಮ್ಯ ಎಂದು ಹೆಸರಾದ ಗುರುವಿನ ಬಾಯಿಂದ ಬಂದ ಖಾರದ ಮಾತು ಇದು. ಇದೇ ಕನ್‌ಫ್ಯೂಷಿಯಸ್ ಬೇರೊಂದು ಕಡೆ ಗುವಾನ್ ಝೊಂಗ್‌ನ ಆಡಂಬರವನ್ನು, ರೀತಿನೀತಿ ಗೊತ್ತಿಲ್ಲದ ನಡವಳಿಕೆಯನ್ನು ಹಳಿದಿದ್ದಾನೆ. ಅಂದರೆ ಮನುಷ್ಯನ ಮೇಲಿನ ಮೋಹದಿಂದ ಆಡಿದ ಮಾತಲ್ಲ. ಬದುಕಿದ್ದರಿಂದ ಯಾರಿಗೆ ಏನಾಯಿತು, ಸತ್ತಿದ್ದರೆ ಯಾರಿಗೆ ಏನಾಗುತ್ತಿತ್ತು ಎಂದು ತೂಗಿ ನೋಡಿದ ತೀರ್ಮಾನ.

ಹಾಗಾದರೆ ಫಲವೇ ಅಳತೆಗೋಲೇ? ಅಲ್ಲ. ಅದಕ್ಕೆ ಶಾಂಗ್ ರಾಜವಂಶದ ಕಡೆಯ ದಿನಗಳ ಮೂವರನ್ನು ನೋಡಬೇಕು. ದೊರೆ ಝೌ ದುಷ್ಟ. ಅಣ್ಣ ವೇಯ್‌ಝಿ ಅವನನ್ನು ಬಿಟ್ಟು ಹೊರಟುಹೋದ. ಬಂಧು ಜೀಝಿ ಹುಚ್ಚನಂತೆ ನಟಿಸಿ ಗುಲಾಮರ ನಡುವೆ ಬದುಕಿದ. ಇನ್ನೊಬ್ಬ ಬಂಧು ಬೀಗಾನ್ ಎದುರು ನಿಂತು ಬುದ್ಧಿ ಹೇಳಿದ, ದೊರೆ ಅವನ ಎದೆ ಸೀಳಿಸಿದ. ಆ ರಾಜ್ಯದಲ್ಲಿ ರೆನ್ ಉಳ್ಳವರು ಮೂವರಿದ್ದರು ಎಂದು ಕನ್‌ಫ್ಯೂಷಿಯಸ್ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಬೀಗಾನ್‌ನ ಮಾತು ವ್ಯರ್ಥವಾಯಿತು, ರಾಜ್ಯ ಉಳಿಯಲಿಲ್ಲ, ಆದರೂ ಅವನ ಸ್ಥಾನ ಕೆಳಗಿಳಿಯಲಿಲ್ಲ. ಹೊರಟುಹೋದ ವೇಯ್‌ಝಿಗೆ ಮುಂದೆ ಸಾಂಗ್ ಎಂಬ ಚಿಕ್ಕ ರಾಜ್ಯ ಸಿಕ್ಕಿತು, ಅಲ್ಲಿ ಶಾಂಗ್ ವಂಶದ ಪಿತೃಪೂಜೆ ಮುಂದುವರಿಯಿತು. ಕನ್‌ಫ್ಯೂಷಿಯಸ್‌ನ ಪೂರ್ವಜರು ಆ ರಾಜ್ಯದಿಂದಲೇ ಬಂದವರು. ಸತ್ತವನಿಗೆ ಹೆಚ್ಚು ಅಂಕ, ಬದುಕಿದವನಿಗೆ ಕಡಿಮೆ ಅಂಕ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾರ ಯಾರ ಸ್ಥಾನ ಏನನ್ನು ಕೇಳುತ್ತಿತ್ತೋ ಅದನ್ನು ಅವರವರು ಸ್ವಾರ್ಥವಿಲ್ಲದೆ ಮಾಡಿದರು.

ಕನ್‌ಫ್ಯೂಷಿಯಸ್‌ನ ಒಂದೂವರೆ ಶತಮಾನದ ತರುವಾಯ ಬಂದ, ಅವನದೇ ಪರಂಪರೆಯ ಚಿಂತಕ ಮೆನ್ಷಿಯಸ್ ಈ ವಿಚಾರವನ್ನು ಇನ್ನಷ್ಟು ಬಿಡಿಸಿದ. ಮೀನು ಮತ್ತು ಕರಡಿಯ ಪಾದ ಎರಡೂ ಊಟದಲ್ಲಿ ಇಷ್ಟವೇ, ಎರಡೂ ಸಿಗದಿದ್ದರೆ ಮೀನು ಬಿಟ್ಟು ಕರಡಿಪಾದ ಆರಿಸಿಕೊಳ್ಳುತ್ತೇವೆ, ಜೀವ ಮತ್ತು ನ್ಯಾಯದ ನಡುವೆಯೂ ಹಾಗೆಯೇ ಎಂಬ ಅವನ ಹೋಲಿಕೆ ಚೀನಾದ ಪಠ್ಯಪುಸ್ತಕಗಳಲ್ಲಿದೆ. ಅಲ್ಲಿಂದ ಮುಂದಕ್ಕೆ ಅವನು ಹೇಳುವುದು ನನ್ನ ಮನಸ್ಸನ್ನು ಹೆಚ್ಚು ಹಿಡಿದಿದೆ. ಒಂದು ಬುಟ್ಟಿ ಅನ್ನ, ಒಂದು ಬಟ್ಟಲು ಸಾರು. ಸಿಕ್ಕರೆ ಉಳಿವು, ಸಿಗದಿದ್ದರೆ ಸಾವು ಎಂಬ ಹೊತ್ತು. ಅದನ್ನು ಗದರಿಸಿ ಕೊಟ್ಟರೆ ದಾರಿಹೋಕ ಮುಟ್ಟುವುದಿಲ್ಲ, ಕಾಲಿನಿಂದ ಒದ್ದು ಕೊಟ್ಟರೆ ಭಿಕ್ಷುಕನೂ ಕೈಚಾಚುವುದಿಲ್ಲ. ಜೀವಕ್ಕಿಂತ ದೊಡ್ಡದು ಇದೆ ಎಂಬ ಅರಿವು ಋಷಿಗಳ ಸೊತ್ತಲ್ಲ, ಹಸಿದು ಬಿದ್ದವನಲ್ಲೂ ಇದೆ ಎಂಬುದಕ್ಕೆ ಮೆನ್ಷಿಯಸ್ ಕೊಡುವ ಸಾಕ್ಷಿ ಅದು. ಹಾಗಿದ್ದೂ ಅದೇ ಮನುಷ್ಯ ಮುಂದೊಂದು ದಿನ ದೊಡ್ಡ ಸಂಬಳ, ಚೆಂದದ ಮನೆ, ಹೆಂಡತಿಯರ ಸೇವೆ, ನೆಂಟರ ಕೃತಜ್ಞತೆಗಾಗಿ ನ್ಯಾಯ ಅನ್ಯಾಯ ನೋಡದೆ ಕೈಯೊಡ್ಡುತ್ತಾನೆ. ಸಾವಿನ ಎದುರು ಬಿಡದಿದ್ದನ್ನು ಸುಖದ ಎದುರು ಬಿಡುತ್ತಾನೆ. ತ್ಯಾಗದ ಪರೀಕ್ಷೆ ರಣರಂಗದಲ್ಲಿ ಮಾತ್ರ ನಡೆಯುತ್ತದೆ ಎಂದು ಎಣಿಸಿದವರಿಗೆ ಮೆನ್ಷಿಯಸ್ ಅದನ್ನು ಕಚೇರಿಯ ಮೇಜಿನ ಮೇಲೆ ತೋರಿಸುತ್ತಾನೆ.

ಅವನದೇ ಇನ್ನೊಂದು ಮಾತು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಸಾಯಲೂಬಹುದು, ಸಾಯದೆಯೂ ಇರಬಹುದು ಎಂಬಂಥ ಸಂದರ್ಭದಲ್ಲಿ ಸತ್ತರೆ ಅದರಿಂದ ಧೈರ್ಯಕ್ಕೇ ಪೆಟ್ಟು ಎಂದ. ಉದಾಹರಣೆಗೆ ಅದೇ ಝೆಂಗ್ ತ್ಸಾನ್ ದೊಡ್ಡವನಾಗಿ ವುಚೆಂಗ್ ಎಂಬ ಊರಿನಲ್ಲಿ ಗುರುವಾಗಿದ್ದಾಗ ಶತ್ರುಗಳ ದಾಳಿಯಾಯಿತು. ಅವನು ಊರು ಬಿಟ್ಟು ಹೋಗಿ, ದಾಳಿ ಮುಗಿದ ಮೇಲೆ ಮರಳಿದ. ಕನ್‌ಫ್ಯೂಷಿಯಸ್‌ನ ಮೊಮ್ಮಗ ಝಿಸಿ ವೇಯ್ ರಾಜ್ಯದಲ್ಲಿ ಅಧಿಕಾರಿಯಾಗಿದ್ದಾಗ ಇಂಥದೇ ದಾಳಿಯಾಯಿತು. ಅವನು ಕದಲಲಿಲ್ಲ. ಇಬ್ಬರದೂ ಒಂದೇ ದಾರಿ ಎಂದು ಮೆನ್ಷಿಯಸ್ ತೀರ್ಪು ಕೊಟ್ಟ. ಒಬ್ಬ ಮನೆಗೆ ಬಂದ ಗುರು, ಇನ್ನೊಬ್ಬ ದೊರೆಯ ಸಂಬಳ ತಿನ್ನುವ ನೌಕರ. ಜಾಗ ಅದಲುಬದಲಾಗಿದ್ದರೆ ನಡೆಯೂ ಅದಲುಬದಲಾಗುತ್ತಿತ್ತು. ಲೋಕಕ್ಕಾಗಿ ತಲೆಯಿಂದ ಕಾಲಿನ ತನಕ ಸವೆಯಲು ಸಿದ್ಧನಿದ್ದ ಮೋಝಿಯನ್ನೂ, ಲೋಕಕ್ಕಾಗಿ ಒಂದು ಕೂದಲನ್ನೂ ಕೀಳದ ಯಾಂಗ್ ಝುವನ್ನೂ ಮೆನ್ಷಿಯಸ್ ಒಪ್ಪದಿದ್ದದ್ದು ಇದಕ್ಕೇ. ಎರಡೂ ಕಡೆ ಎದುರಿಗೆ ನಿಂತ ಮನುಷ್ಯ ಯಾರು, ಅವನಿಗೂ ನನಗೂ ಏನು ಸಂಬಂಧ ಎಂಬ ಪ್ರಶ್ನೆ ಕಳೆದುಹೋಗುತ್ತದೆ.

ಈ ಬೋಧನೆಯನ್ನು ರಕ್ತದಲ್ಲಿ ಬರೆದವನು ಎಂದು ಚೀನಾ ನೆನೆಯುವುದು ವೆನ್ ತಿಯಾನ್‌ಶಿಯಾಂಗ್‌ನನ್ನು. 1236ರಲ್ಲಿ ಜಿಯಾಂಗ್‌ಶಿಯಲ್ಲಿ ಹುಟ್ಟಿದ ಅವನು 1256ರ ರಾಜಪರೀಕ್ಷೆಯಲ್ಲಿ ಇಡೀ ಸಾಮ್ರಾಜ್ಯಕ್ಕೆ ಮೊದಲಿಗನಾಗಿ ಬಂದವನು. ಮಂಗೋಲರು ದಕ್ಷಿಣದ ಸಾಂಗ್ ರಾಜವಂಶವನ್ನು ಮುಗಿಸುತ್ತಿದ್ದ ವರ್ಷಗಳಲ್ಲಿ ಸೈನ್ಯ ಕಟ್ಟಿ ಹೋರಾಡಿದ. 1278ರ ಕೊನೆಯಲ್ಲಿ ಗುವಾಂಗ್‌ಡೊಂಗ್‌ನಲ್ಲಿ ಸೆರೆ ಸಿಕ್ಕ. ಮರುವರ್ಷ ಯಾಮೆನ್ ಸಮುದ್ರದಲ್ಲಿ ನಡೆದ ಕಡೆಯ ಕಾಳಗವನ್ನು ಶತ್ರುವಿನ ಹಡಗಿನಿಂದಲೇ ನೋಡಬೇಕಾಯಿತು. ಅಂದು ಮಂತ್ರಿ ಲೂ ಶಿಯುಫು ಬಾಲಕ ಚಕ್ರವರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಹಾರಿದ.

ವೆನ್‌ನನ್ನು ಇಂದಿನ ಬೀಜಿಂಗ್ ಇರುವಲ್ಲಿದ್ದ ರಾಜಧಾನಿಗೆ ಒಯ್ದು ಮೂರು ವರ್ಷಕ್ಕೂ ಮಿಕ್ಕಿ ಸೆರೆಯಲ್ಲಿಟ್ಟರು. ತನ್ನ ಕೋಣೆಯನ್ನು ಅವನೇ ವರ್ಣಿಸಿದ್ದಾನೆ. ತಗ್ಗಾದ, ಇಕ್ಕಟ್ಟಾದ, ಬೆಳಕಿಲ್ಲದ ನೆಲಮಟ್ಟದ ಕೋಣೆ, ಒಂದೇ ಕಿರುಬಾಗಿಲು. ಅಲ್ಲಿ ಏಳು ಬಗೆಯ ಕೆಟ್ಟ ಗಾಳಿ ಎಂದು ಎಣಿಸುತ್ತಾನೆ. ಮಳೆ ಬಂದರೆ ಒಳನುಗ್ಗಿ ಮಂಚ ತೇಲಿಸುವ ನೀರಿನದು, ಆಮೇಲೆ ಹುದುಗುವ ಕೆಸರಿನದು, ಬೇಸಿಗೆಯ ಧಗೆಯದು, ಸೂರಿನ ಕೆಳಗೆ ಉರಿಸುವ ಒಲೆಯದು, ಮುಗ್ಗಿದ ದವಸದ್ದು, ಒತ್ತೊತ್ತಾಗಿ ಕೂತ ಕೈದಿಗಳ ಬೆವರಿನದು, ಮಲ ಮತ್ತು ಸತ್ತ ಇಲಿಗಳದ್ದು. ಕುಬ್ಲಾಯ್ ಖಾನ್ ಅವನಿಗೆ ಮಂತ್ರಿ ಪದವಿ ಕೊಡಲು ತಯಾರಿದ್ದ. ಮೊದಲೇ ಶರಣಾಗಿದ್ದ ಸಾಂಗ್ ಮಂತ್ರಿಯನ್ನು ಕಳಿಸಿ ಹೇಳಿಸಿದರು, ಹಿಂದೆಯೇ ಶರಣಾಗಿದ್ದ ಇನ್ನೊಬ್ಬ ಬಾಲಕ ಚಕ್ರವರ್ತಿಯನ್ನೇ ಕಳಿಸಿದರು. ಮಗಳ ಕಾಗದವೂ ಬಂತು. ಹೆಂಡತಿ, ಹೆಣ್ಣುಮಕ್ಕಳು ಮಂಗೋಲರ ಅರಮನೆಯಲ್ಲಿ ಊಳಿಗದಲ್ಲಿದ್ದರು, ಅವನು ಹೂಂ ಎಂದರೆ ಎಲ್ಲರೂ ಒಂದಾಗಬಹುದಿತ್ತು. ಕರುಳು ಕೊಯ್ದಂತಾಯಿತು ಎಂದು ತಂಗಿಗೆ ಬರೆದ, ಹೂಂ ಎನ್ನಲಿಲ್ಲ. 1283ರ ಜನವರಿಯಲ್ಲಿ ದಕ್ಷಿಣಕ್ಕೆ ತಿರುಗಿ ನಮಸ್ಕರಿಸಿ ತಲೆ ಒಡ್ಡಿದ. ಹೆಂಡತಿಗೆ ಹೆಣ ಸಿಕ್ಕಾಗ ಸೊಂಟಪಟ್ಟಿಯಲ್ಲಿ ಅವನು ಬರೆದಿಟ್ಟ ನಾಲ್ಕು ಸಾಲು ಇತ್ತು. ಅದರಲ್ಲಿ ಕನ್‌ಫ್ಯೂಷಿಯಸ್ ಮತ್ತು ಮೆನ್ಷಿಯಸ್ ಇಬ್ಬರ ಬೋಧನೆಯನ್ನೂ ನೆನೆದಿದ್ದ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ವೆನ್‌ಗೆ ಬೀ ಎಂಬ ತಮ್ಮನಿದ್ದ. ಹ್ವೇಝೌ ಪಟ್ಟಣ ಅವನ ಕೈಯಲ್ಲಿತ್ತು, ಅದನ್ನು ಅವನು ಮಂಗೋಲರಿಗೆ ಒಪ್ಪಿಸಿ ಶರಣಾದ, ಆಮೇಲೆ ಅವರ ಕೈಕೆಳಗೆ ಅಧಿಕಾರಿಯೂ ಆದ. ತಮ್ಮ ರಾಜಧಾನಿಗೆ ಬಂದ ಸುದ್ದಿ ಕೇಳಿ ವೆನ್ ಸೆರೆಯಲ್ಲೇ ಕವಿತೆ ಬರೆದ. ಒಬ್ಬ ಕೈದಿ, ಇನ್ನೊಬ್ಬ ಕುದುರೆಯ ಮೇಲೆ ಎಂಬ ಸಂಕಟ ಅದರಲ್ಲಿದೆ, ಶಾಪ ಇಲ್ಲ. ಶಾಂಗ್ ವಂಶದ ಆ ಮೂವರನ್ನು ನೆನೆದು, ಬದುಕಿದವರಿಗೂ ಸತ್ತವರಿಗೂ ಅವರವರ ಕಾರಣವಿತ್ತು ಎಂಬ ಧಾಟಿಯಲ್ಲಿ ಅದು ಮುಗಿಯುತ್ತದೆ. ವೆನ್‌ಗೆ ಗಂಡುಮಕ್ಕಳು ಉಳಿಯಲಿಲ್ಲ. ಶರಣಾದ ತಮ್ಮನ ಮಗನನ್ನೇ ದತ್ತು ಪಡೆದ. ಸಾಮ್ರಾಜ್ಯಕ್ಕಾಗಿ ಪ್ರಾಣ ಕೊಟ್ಟವನ ಪಿತೃಕಾರ್ಯ ನಡೆಸಲು ಉಳಿದದ್ದು ಶರಣಾಗಿ ಬದುಕಿದವನ ಕುಡಿ. ತಾನು ಕೊಟ್ಟದ್ದನ್ನು ತಮ್ಮನೂ ಕೊಡಲೇಬೇಕು ಎಂದು ವೆನ್ ಹಟ ಹಿಡಿಯಲಿಲ್ಲ. ಅವನ ದೊಡ್ಡತನ ಸಾವಿನಲ್ಲಿ ಎಷ್ಟಿದೆಯೋ ಇದರಲ್ಲೂ ಅಷ್ಟಿದೆ ಎಂದು ನಾನು ನಂಬುತ್ತೇನೆ.

‘ಲುನ್‌ಯು’ವಿನ ಹದಿನೈದನೆಯ ಅಧ್ಯಾಯದಲ್ಲಿ ಪ್ರಾಣತ್ಯಾಗದ ಮಾತಿನಿಂದ ಸ್ವಲ್ಪ ಮುಂದಕ್ಕೆ ಹೋದರೆ ಇನ್ನೊಂದು ಮಾತು ಸಿಗುತ್ತದೆ. ಬದುಕಿನುದ್ದಕ್ಕೂ ಪಾಲಿಸಬಹುದಾದ ಒಂದೇ ಸಂಗತಿ ಯಾವುದು ಎಂದು ಝಿಗೊಂಗ್ ಕೇಳುತ್ತಾನೆ. ನಿನಗೆ ಬೇಡದ್ದನ್ನು ಇನ್ನೊಬ್ಬರ ಮೇಲೆ ಹೇರದಿರುವುದು ಎಂಬ ಅರ್ಥದ ಉತ್ತರ ಬರುತ್ತದೆ. ಈ ಎರಡನ್ನೂ ಜೋಡಿಸಿಯೇ ಓದಬೇಕು. ಮೊದಲನೆಯದು ನಾನು ನನ್ನಿಂದ ಏನನ್ನು ಕೇಳಿಕೊಳ್ಳಬಹುದು ಎನ್ನುವುದಕ್ಕೆ, ಎರಡನೆಯದು ಇತರರಿಂದ ಏನನ್ನು ಕೇಳಬಾರದು ಎನ್ನುವುದಕ್ಕೆ. ಚೀನಾದ ದೊರೆಗಳು, ಮನೆತನಗಳು ಮೊದಲನೆಯದನ್ನು ಕಿತ್ತುಕೊಂಡು ಎರಡನೆಯದನ್ನು ಮರೆತಾಗ ಆದ ಅನಾಹುತಕ್ಕೆ ಲೆಕ್ಕವಿಲ್ಲ.

ರಿಝಾವ್‌ನ ಜಿಯಾಂಗ್ ಬೊಅರ್ ಎಂಬವನ ತಾಯಿಗೆ ಕಾಯಿಲೆಯಾಯಿತು. ತನ್ನ ಪಕ್ಕೆಯ ಮಾಂಸ ಕೊಯ್ದು ತಾಯಿಗೆ ತಿನ್ನಿಸಿದ. ಹೀಗೆ ಮೈಮಾಂಸ ಕೊಟ್ಟು ತಂದೆತಾಯಿಯನ್ನು ಉಳಿಸಿದವರ ಕಥೆಗಳು ಅಲ್ಲಿ ಮನೆಮಾತಾಗಿದ್ದವು. ಗುಣವಾಗಲಿಲ್ಲ. ತಾಯಿ ಎದ್ದು ಕೂತರೆ ಮಗನನ್ನು ಬಲಿಕೊಡುತ್ತೇನೆ ಎಂದು ತಾಯ್‌ಶಾನ್ ಬೆಟ್ಟದ ದೇವರಿಗೆ ಹರಕೆ ಹೊತ್ತ. ತಾಯಿ ಎದ್ದಳು. ಮೂರು ವರ್ಷದ ಕೂಸನ್ನು ಅವನು ಕೊಂದೇಬಿಟ್ಟ. ಇದು 1394ರಲ್ಲಿ ಮಿಂಗ್ ಚಕ್ರವರ್ತಿ ಹೊಂಗ್‌ವುವಿನ ಮುಂದೆ ಬಂತು. ಚಕ್ರವರ್ತಿ ಸಿಟ್ಟಿನಿಂದ ಅವನಿಗೆ ನೂರು ಏಟು ಹಾಕಿಸಿ ಹಾಯ್‌ನಾನ್ ದ್ವೀಪಕ್ಕೆ ಗಡಿಪಾರು ಮಾಡಿದ. ಮೈ ಕೊಯ್ದುಕೊಳ್ಳುವುದಕ್ಕೆ, ಮಂಜಿನ ಮೇಲೆ ಮಲಗುವುದಕ್ಕೆ ಇನ್ನು ರಾಜಮರ್ಯಾದೆ ಇಲ್ಲ ಎಂದು ಮಂತ್ರಾಲಯ ವಿಧಿಸಿತು. ಜಿಯಾಂಗ್ ತಾನು ತ್ಯಾಗ ಮಾಡಿದೆ ಎಂದೇ ತಿಳಿದಿದ್ದ. ಹೋದದ್ದು ಕೂಸಿನ ಜೀವ.

ಇದೇ ಹೊಂಗ್‌ವು 1368ರಲ್ಲಿ ಬೇರೊಂದು ಆಜ್ಞೆ ಹೊರಡಿಸಿದ್ದ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ಐವತ್ತು ದಾಟುವವರೆಗೂ ಮರುಮದುವೆಯಾಗದೆ ಉಳಿದವಳಿಗೆ ರಾಜಮರ್ಯಾದೆ, ಅವಳ ಮನೆಯವರಿಗೆ ಬಿಟ್ಟಿದುಡಿಮೆಯಿಂದ ವಿನಾಯಿತಿ. ಇಲ್ಲಿ ಯಾರು ಕೊಡುತ್ತಿದ್ದಾರೆ, ಯಾರು ಪಡೆಯುತ್ತಿದ್ದಾರೆ ನೋಡಿ. ಒಬ್ಬ ಹೆಂಗಸಿನ ಇಡೀ ಪ್ರಾಯ ಒಂದು ಮನೆಯ ಗಂಡಸರ ದುಡಿಮೆ ತಪ್ಪಿಸುವ ಚೀಟಿಯಾಯಿತು. ಹಸಿದು ಸಾಯುವುದು ಸಣ್ಣ ಸಂಗತಿ, ಶೀಲ ಕೆಡುವುದು ದೊಡ್ಡ ಸಂಗತಿ ಎಂಬರ್ಥದಲ್ಲಿ ಹನ್ನೊಂದನೆಯ ಶತಮಾನದ ತತ್ತ್ವಜ್ಞಾನಿ ಚೆಂಗ್ ಯೀ ಯಾರಿಗೋ ಆಡಿದ್ದ ಉತ್ತರ ವಿಧವೆಯರ ಕೊರಳಿಗೆ ಉರುಳಾಯಿತು. ಅವನ ಸ್ವಂತ ತಂದೆ ವಿಧವೆಯಾದ ಬಂಧುವೊಬ್ಬಳಿಗೆ ಮರುಮದುವೆ ಮಾಡಿಸಿದ್ದನ್ನು ಅವನೇ ಮೆಚ್ಚಿ ಬರೆದಿದ್ದ. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅನ್‌ಹುಯ್ ಪ್ರಾಂತ್ಯದ ತಾಂಗ್‌ಯುವೆ ಹಳ್ಳಿಯಲ್ಲಿ ಬಾವ್ ಮನೆತನ ಮಿಂಗ್ ಮತ್ತು ಚಿಂಗ್ ಕಾಲದಲ್ಲಿ ನಿಲ್ಲಿಸಿದ ಏಳು ಕಲ್ಲಿನ ಕಮಾನುಗಳು ಸಾಲಾಗಿ ಇಂದಿಗೂ ಇವೆ. ಅವುಗಳಲ್ಲಿ ಇಂಥ ವಿಧವೆಯರ ಹೆಸರಿನವೂ ಸೇರಿವೆ. ಮಾಸ್ತಿಗಲ್ಲುಗಳನ್ನು ನೋಡಿ ಬೆಳೆದ ನಮಗೆ ಆ ಕಲ್ಲುಗಳ ಭಾಷೆ ಬಿಡಿಸಿ ಹೇಳಬೇಕಿಲ್ಲ. 1728ರಲ್ಲಿ ಚಕ್ರವರ್ತಿ ಯೊಂಗ್‌ಝೆಂಗ್, ಗಂಡನ ಹಿಂದೆ ಪ್ರಾಣ ಬಿಡುವುದನ್ನು ತಡೆಯಲು ಆಜ್ಞೆ ಹೊರಡಿಸಿದಾಗ ಕೊಟ್ಟ ಕಾರಣವೂ ಕನ್‌ಫ್ಯೂಷಿಯಸ್‌ನದೇ ದಾರಿಯದು: ಅತ್ತೆ ಮಾವನನ್ನು ನೋಡಿಕೊಳ್ಳಬೇಕಾದವಳು, ಮಕ್ಕಳನ್ನು ಸಾಕಬೇಕಾದವಳು ಸತ್ತರೆ ಆ ಕರ್ತವ್ಯ ಯಾರು ಮಾಡಬೇಕು?

ಚೀನಾದ ಲೇಖಕ ಲೂ ಶುನ್ 1918ರಲ್ಲಿ ಈ ಪಾತಿವ್ರತ್ಯದ ಪೂಜೆಯ ವಿರುದ್ಧ ಲೇಖನ ಬರೆದ. ಎಲ್ಲರೂ ಪಾಲಿಸಬೇಕಾದ, ಎಲ್ಲರಿಂದಲೂ ಆಗುವ, ತನಗೂ ಇತರರಿಗೂ ಒಳ್ಳೆಯದಾಗುವ ನಡತೆ ಮಾತ್ರ ನೀತಿ ಎನ್ನಿಸಿಕೊಳ್ಳಬೇಕು, ಇದರಿಂದ ಯಾರಿಗೆ ಒಳ್ಳೆಯದಾಯಿತು ಎಂಬುದು ಅವನ ಪ್ರಶ್ನೆ. ಕನ್‌ಫ್ಯೂಷಿಯಸ್ ಹೆಸರೆತ್ತಿದರೆ ಅವನಿಗೆ ಆಗುತ್ತಿರಲಿಲ್ಲ, ಆಗದಿರಲು ತಕ್ಕ ಕಾರಣಗಳೂ ಇದ್ದವು. ಆದರೆ ಏಟು ತಿಂದು ಹಾಡಿದ ಶಿಷ್ಯನಿಗೆ ಗುರು ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ.

ಪಂಡಿತರೂ ಈ ಬಲೆಗೆ ಹೊರತಾಗಿರಲಿಲ್ಲ. 1402ರಲ್ಲಿ ಮಿಂಗ್ ರಾಜಕುಮಾರ ಝು ದೀ ಅಣ್ಣನ ಮಗನಿಂದ ಸಿಂಹಾಸನ ಕಿತ್ತುಕೊಂಡು, ಪಟ್ಟಾಭಿಷೇಕದ ಘೋಷಣೆ ಬರೆದುಕೊಡು ಎಂದು ವಿದ್ವಾಂಸ ಫಾಂಗ್ ಶಿಯಾವ್‌ರುವಿಗೆ ಹೇಳಿದ. ಫಾಂಗ್ ಕುಂಚ ಬಿಸಾಡಿದ. ಅವನನ್ನೂ ಅವನ ಬಂಧುಬಳಗವನ್ನೂ ಶಿಷ್ಯರನ್ನೂ ಹಿಡಿದು ಕೊಂದರು. ಎಂಟುನೂರಕ್ಕೂ ಹೆಚ್ಚು ಜನ ಎಂಬ ಮಾತು ಪರಂಪರೆಯಲ್ಲಿದೆ. ಕೊಂದವನು ಝು ದೀ, ಪಾಪ ಅವನದು. ಸುಳ್ಳು ಬರೆಯಲಾರೆ ಎಂದ ಫಾಂಗ್‌ನ ಎದೆಗಾರಿಕೆಗೆ ನಾನು ತಲೆಬಾಗುತ್ತೇನೆ. ಆದರೂ ಆ ಜನರಲ್ಲಿ ಯಾರೂ ಸಾವನ್ನು ಆರಿಸಿಕೊಂಡಿರಲಿಲ್ಲ ಎಂಬುದು ಮನಸ್ಸಿನಿಂದ ಹೋಗುವುದಿಲ್ಲ. ಗುವಾನ್ ಝೊಂಗ್‌ನನ್ನು ಸಮರ್ಥಿಸಿದ ಗುರು ಇಲ್ಲಿ ಏನು ಹೇಳುತ್ತಿದ್ದ ಎಂದು ಎಷ್ಟು ಯೋಚಿಸಿದರೂ ನನಗೆ ಒಂದು ತೀರ್ಮಾನಕ್ಕೆ ಬರಲು ಆಗಿಲ್ಲ.

ಸಾಯುವುದೂ ಉಳಿಯುವುದೂ ಜೊತೆಜೊತೆಗೇ ನಡೆದ ಪ್ರಸಂಗ ಇನ್ನೊಂದಿದೆ. 1898ರಲ್ಲಿ ಚಿಂಗ್ ಸಾಮ್ರಾಜ್ಯದ ಸುಧಾರಣೆಗೆ ಹೊರಟ ಯುವಕರಿಗೆ ಸಿಕ್ಕದ್ದು ನೂರು ದಿನ. ರಾಣಿತಾಯಿ ಸಿಶಿ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡು ಅವರ ಬೇಟೆಗೆ ಇಳಿದಳು. ರೆನ್ ಕುರಿತೇ ಒಂದು ಗ್ರಂಥ ಬರೆದಿದ್ದ ತಾನ್ ಸಿತೊಂಗ್‌ಗೆ ಓಡಿಹೋಗಲು ಅವಕಾಶವಿತ್ತು. ಗೆಳೆಯ ಲಿಯಾಂಗ್ ಚಿಚಾವ್‌ನನ್ನು ಜಪಾನಿಗೆ ಹೊರಡಿಸಿ, ತನ್ನ ಹಸ್ತಪ್ರತಿಗಳನ್ನು ಅವನ ಕೈಗಿತ್ತು ತಾನು ಉಳಿದ. ಹೋಗುವವರಿಲ್ಲದಿದ್ದರೆ ಮುಂದಿನದನ್ನು ಮಾಡುವವರಿಲ್ಲ, ಸಾಯುವವರಿಲ್ಲದಿದ್ದರೆ ಋಣ ತೀರುವುದಿಲ್ಲ ಎಂಬರ್ಥದ ಮಾತಾಡಿದ ಎಂದು ಲಿಯಾಂಗ್ ಆಮೇಲೆ ಬರೆದ. ಅದೇ ವರ್ಷದ ಸೆಪ್ಟೆಂಬರ್ 28ರಂದು ಬೀಜಿಂಗ್‌ನ ಚಾಯ್‌ಶಿಕೌ ಎಂಬಲ್ಲಿ ತಾನ್ ಸೇರಿ ಆರು ಜನರ ತಲೆ ಕಡಿದರು. ತಾನ್‌ಗೆ ಮೂವತ್ತಮೂರು ವರ್ಷ. ಲಿಯಾಂಗ್ ಆ ವರ್ಷದ ಕೊನೆಗೆ ಯೊಕೊಹಾಮಾದಲ್ಲಿ ಪತ್ರಿಕೆ ಆರಂಭಿಸಿದ, 1899ರಲ್ಲಿ ಗೆಳೆಯನ ಗ್ರಂಥವನ್ನು ಅದರಲ್ಲಿ ಕಂತುಗಳಾಗಿ ಅಚ್ಚುಹಾಕಿದ. ಮುಂದಿನ ಮೂವತ್ತು ವರ್ಷ ಬರೆಯುತ್ತಲೇ ಇದ್ದ.